ಕಾದಂಬರಿಯ ಪೂರ್ವಯೋಜನೆ ಮತ್ತು ಮೌಖಿಕ ಪರಂಪರೆಯ 'ಸಾಲು': ಮಂಗಸೂಳಿಯ ಜಾಗರಣೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಕಾದಂಬರಿಕಾರನು ಬರವಣಿಗೆಗೆ ತೊಡಗುವ ಮುನ್ನ ಕಥೆಯ ಆದಿ, ಮಧ್ಯ, ಅಂತ್ಯಗಳನ್ನು ಗೊತ್ತುಪಡಿಸಿಕೊಂಡಿರಬೇಕೇ ಅಥವಾ ಪಾತ್ರಗಳು ಕರೆದತ್ತ ಲೇಖನಿಯನ್ನು ಹರಿಯಬಿಡಬೇಕೇ ಎಂಬ ಪ್ರಶ್ನೆ ಕನ್ನಡ ಸಾಹಿತ್ಯ ವಲಯದಲ್ಲಿ ಹೊಸದಲ್ಲ. ಲೇಖಕರ ಮುನ್ನುಡಿಗಳಲ್ಲಿ, ಸಂದರ್ಶನಗಳಲ್ಲಿ, ಆತ್ಮಕಥನಗಳಲ್ಲಿ ಇದಕ್ಕೆ ಎರಡೂ ಬಗೆಯ ಉತ್ತರಗಳು ದೊರೆಯುತ್ತವೆ. ವಿಮರ್ಶೆಯೂ ಈ ವಿಂಗಡಣೆಯನ್ನು ಹಾಗೆಯೇ ಒಪ್ಪಿಕೊಂಡು, ಒಂದನ್ನು 'ಬಿಗಿ ಬಂಧ'ವೆಂದೂ ಇನ್ನೊಂದನ್ನು 'ಸಡಿಲ ಬಂಧ'ವೆಂದೂ ಬೆಲೆ ಕಟ್ಟುತ್ತ ಬಂದಿದೆ. ನವ್ಯ ವಿಮರ್ಶೆಯ ಪ್ರಭಾವದಲ್ಲಿ ಕೃತಿಯ ಸಾವಯವ ಶಿಲ್ಪಕ್ಕೆ ದೊರೆತ ಪ್ರಾಶಸ್ತ್ಯವು ಈ ಅಳತೆಗೋಲನ್ನು ಇನ್ನಷ್ಟು ಗಟ್ಟಿಗೊಳಿಸಿತು. ಇದಕ್ಕೆ ಪ್ರತಿಯಾಗಿ ಜಾನಪದ ಅಧ್ಯಯನವು ಮೌಖಿಕ ಕಥನದ 'ಸಹಜ ಸ್ಫೂರ್ತಿ'ಯನ್ನು ಎತ್ತಿ ಹಿಡಿದು, ಯೋಜನೆ ಎಂಬುದು ಅಕ್ಷರಸ್ಥರ ಕೃತಕತೆಯೆಂಬಂತೆ ಮಾತನಾಡಿದ್ದೂ ಉಂಟು.

ಈ ಎರಡೂ ನಿಲುವುಗಳು ಒಂದೇ ತಪ್ಪು ಗ್ರಹಿಕೆಯಿಂದ ಹುಟ್ಟಿವೆ. ಯೋಜನೆಯೆಂದರೆ ಲೇಖಕನೊಬ್ಬನು ಕಾಗದದ ಮೇಲೆ ಬರೆದಿಟ್ಟುಕೊಂಡ ಟಿಪ್ಪಣಿ ಮಾತ್ರ ಎಂಬುದೇ ಆ ಗ್ರಹಿಕೆ. ಯೋಜನೆಯು ಕಾಗದದ ಮೇಲೆ ಇರದಿದ್ದರೂ ಸಮುದಾಯದ ನೆನಪಿನಲ್ಲಿ, ಆಚರಣೆಯ ಕ್ರಮದಲ್ಲಿ, ಪ್ರಸಿದ್ಧ ಕಥೆಯೊಂದರ ಹಂದರದಲ್ಲಿ ಇರಬಹುದು. ಹಾಗಾಗಿ 'ಯೋಜನೆ ಇತ್ತೇ ಇರಲಿಲ್ಲವೇ' ಎಂಬ ಪ್ರಶ್ನೆಗಿಂತ 'ಇದ್ದದ್ದು ಯಾರ ಯೋಜನೆ, ಅದರಲ್ಲಿ ಯಾವುದು ಸ್ಥಿರ, ಯಾವುದು ಮುಕ್ತ' ಎಂಬ ಪ್ರಶ್ನೆ ಹೆಚ್ಚು ಫಲಪ್ರದವಾದುದು. ಪ್ರಸ್ತುತ ಲೇಖನವು ಗಡಿನಾಡಿನ ಮಂಗಸೂಳಿಯ ಜಾಗರಣೆ ಪರಂಪರೆಯನ್ನು ಆಧಾರವಾಗಿರಿಸಿಕೊಂಡು ಈ ಪ್ರಶ್ನೆಯನ್ನು ಕನ್ನಡ ಕಾದಂಬರಿಯ ಕೆಲವು ನಿದರ್ಶನಗಳಿಗೆ ಅನ್ವಯಿಸುತ್ತದೆ.

ಪಾಶ್ಚಾತ್ಯ ವಿಮರ್ಶೆಯಲ್ಲಿಯೂ ಈ ಚರ್ಚೆ ನಡೆದಿದೆ. ಫ್ರೆಂಚ್ ಲೇಖಕ ಆಂದ್ರೆ ಜೀದ್ 'ಖೋಟಾ ನಾಣ್ಯದವರು' ಎಂಬರ್ಥದ ತನ್ನ ಕಾದಂಬರಿಯನ್ನು ೧೯೨೫ರಲ್ಲಿ ಪ್ರಕಟಿಸಿ, ಮರುವರ್ಷವೇ ಅದರ ರಚನೆಯ ದಿನಚರಿಯನ್ನೂ ಹೊರತಂದನು. ೧೯೨೭ರ ತನ್ನ ಕೇಂಬ್ರಿಜ್ ಉಪನ್ಯಾಸಗಳಲ್ಲಿ ಇ. ಎಂ. ಫಾರ್ಸ್ಟರ್ ಈ ಪ್ರಯೋಗವನ್ನು ಚರ್ಚಿಸುತ್ತ, ಕಥಾಸಂವಿಧಾನವನ್ನು ಮುಗಿಸಲೇಬೇಕಾದ ಒತ್ತಡದಿಂದ ಬಹುಪಾಲು ಕಾದಂಬರಿಗಳು ಕೊನೆಯಲ್ಲಿ ದುರ್ಬಲವಾಗುತ್ತವೆಂದು ಹೇಳುತ್ತಾನೆ. ಕಾದಂಬರಿಯೆಂದರೆ ಒಬ್ಬನೇ ಲೇಖಕನು ಏಕಾಂತದಲ್ಲಿ ಹೊಸ ಕಥೆಯೊಂದನ್ನು ಕಟ್ಟುವುದು ಎಂಬುದು ಈ ಚರ್ಚೆಯ ಪೂರ್ವಗ್ರಹಿಕೆ. ಕೇಳುಗನಿಗೆ ಮೊದಲೇ ಗೊತ್ತಿರುವ ಕಥೆಯನ್ನು ಹೇಳುವ ಪರಂಪರೆಯುಳ್ಳ ನಾಡಿನಲ್ಲಿ ಇದೇ ಪ್ರಶ್ನೆ ಬೇರೊಂದು ಆಕಾರ ಪಡೆಯುತ್ತದೆ.

೨

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿರುವ ಮಂಗಸೂಳಿ ಹಿಂದೆ ಅಥಣಿ ತಾಲ್ಲೂಕಿನ ಗ್ರಾಮ. ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಮೈಲಾರ ಪರಂಪರೆಯ ಪ್ರಮುಖ ಕ್ಷೇತ್ರಗಳನ್ನು ಎಣಿಸುವಾಗ ಜೇಜುರಿ, ಪಾಲಿ, ನಳದುರ್ಗ, ದೇವರಗುಡ್ಡ ಮತ್ತು ಬೀದರ ಜಿಲ್ಲೆಯ ಮೈಲಾರಗಳ ಜೊತೆಗೆ ಮಂಗಸೂಳಿಯ ಹೆಸರೂ ಬರುತ್ತದೆ. ಇಲ್ಲಿನ ದೈವ ಕನ್ನಡಿಗರಿಗೆ ಮಲ್ಲಯ್ಯ, ಮರಾಠಿಗರಿಗೆ ಖಂಡೋಬಾ. ಮಣಿ-ಮಲ್ಲರೆಂಬ ದೈತ್ಯರ ಸಂಹಾರದ ನೆನಪಿನ ಚಂಪಾಷಷ್ಠಿ, ಭಂಡಾರ ಎರಚುವ ಸೇವೆ, ವಗ್ಗಯ್ಯರ ಹಾಡು ಇವೆಲ್ಲ ಗಡಿಯ ಎರಡೂ ಬದಿಯ ಭಕ್ತರಿಗೆ ಸಮಾನವಾದವು. ಈ ಪರಂಪರೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಜರ್ಮನ್ ವಿದ್ವಾಂಸ ಗುಂಥರ್ ಸೋಂಥೈಮರ್ (ನಿಧನ ೧೯೯೨) ಖಂಡೋಬಾ, ಬೀರೋಬಾ ಮುಂತಾದ ದೈವಗಳನ್ನು ಪಶುಪಾಲಕ ಸಮುದಾಯಗಳ ಬದುಕಿನೊಂದಿಗೆ ಜೋಡಿಸಿ ನೋಡಿದ್ದನ್ನು ಇಲ್ಲಿ ಸ್ಮರಿಸಬೇಕು.

ಖಂಡೋಬಾ-ಮೈಲಾರ ಪರಂಪರೆಯ ಮನೆತನಗಳು ಮದುವೆಯ ತರುವಾಯ ಅಥವಾ ಹರಕೆ ತೀರಿಸುವ ಸಂದರ್ಭದಲ್ಲಿ ರಾತ್ರಿಯಿಡೀ ಜಾಗರಣೆ ನಡೆಸುತ್ತವೆ. ತುಂತುಣಿ, ದಿಮ್ಮಡಿಗಳ ಹಿಮ್ಮೇಳದಲ್ಲಿ ನಡೆಯುವ ಈ ಆಚರಣೆಯ ಹೊರಕ್ರಮ ಸ್ಥಿರವಾದುದು. ಮೊದಲು ಕಲಶಸ್ಥಾಪನೆ, ಅನಂತರ ಊರೂರಿನ ದೇವತೆಗಳನ್ನು ಹೆಸರು ಹಿಡಿದು ಜಾಗರಣೆಗೆ ಆಹ್ವಾನಿಸುವುದು, ಆಮೇಲೆ ದೈವದ ಕಥೆ, ಕೊನೆಗೆ ಆರತಿ. ಕಥಾಭಾಗದಲ್ಲಿಯೂ ಘಟ್ಟಗಳು ಗೊತ್ತಾದವು. ಮಣಿ-ಮಲ್ಲರ ವಧೆ, ಮಾಳಸಾದೇವಿಯೊಡನೆ ವಿವಾಹ, ಪಗಡೆಯಾಟದ ಸೋಲು, ಕುರಿಗಾರರಲ್ಲಿ ದೈವವೇ ಆಳಾಗಿ ದುಡಿಯುವುದು, ಬಾಣಾಯಿಯೊಡನೆ ಎರಡನೆಯ ವಿವಾಹ, ಸವತಿಯರ ಜಗಳ. ಕೇಳಲು ಕುಳಿತವರಲ್ಲಿ ಈ ಕಥೆಯ ಅಂತ್ಯ ತಿಳಿಯದವರಿಲ್ಲ.

ಅಂತ್ಯ ಗೊತ್ತಿದ್ದರೂ ಎರಡು ರಾತ್ರಿಗಳ ಹಾಡು ಒಂದೇ ಆಗುವುದಿಲ್ಲ. ಯಾವ ಘಟ್ಟವನ್ನು ಹಿಗ್ಗಿಸಬೇಕು, ಯಾವುದನ್ನು ಎರಡು ಮಾತಿನಲ್ಲಿ ದಾಟಬೇಕು, ಎಲ್ಲಿ ಹಾಡು ನಿಲ್ಲಿಸಿ ಗದ್ಯದಲ್ಲಿ ವಿವರಿಸಬೇಕು ಎಂಬುದನ್ನು ಹಾಡುಗಾರನು ಕುಳಿತಲ್ಲೇ ನಿರ್ಧರಿಸುತ್ತಾನೆ. ಆತಿಥ್ಯ ನೀಡಿದ ಮನೆತನ, ಉಳಿದಿರುವ ರಾತ್ರಿ, ಕೇಳುಗರ ಉತ್ಸಾಹ ಅಥವಾ ಆಕಳಿಕೆ, ಗಡಿನಾಡಿನಲ್ಲಂತೂ ಕೇಳುಗರ ಭಾಷೆ, ಇವು ಆ ನಿರ್ಧಾರದ ಕಾರಣಗಳು. ಬೆಳಗಿನ ಆರತಿಗೆ ಮುನ್ನ ಕಥೆ ದಡ ಮುಟ್ಟಬೇಕೆಂಬುದು ಮಾತ್ರ ಬದಲಾಗದ ಕಟ್ಟಳೆ. ಇದನ್ನು ಯೋಜನೆಯಿಲ್ಲದ ರಚನೆಯೆಂದು ಕರೆಯಲಾಗದು. ಬರೆದಿಟ್ಟ ಯೋಜನೆಯ ನಿರ್ವಹಣೆಯೆಂದೂ ಕರೆಯಲಾಗದು.

ದಕ್ಷಿಣ ಕರ್ನಾಟಕದ ಮಲೆಮಾದೇಶ್ವರ ಕಾವ್ಯದ ಕಂಸಾಳೆ ಗಾಯಕರು ಇಂತಹ ಘಟ್ಟಕ್ಕೆ 'ಸಾಲು' ಎಂಬ ಹೆಸರಿಟ್ಟಿದ್ದಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಶ್ರವಣದೊರೆಯ ಸಾಲು ಎಂಬಂತೆ. ಒಂದು ರಾತ್ರಿಗೆ ಒಂದು ಸಾಲು ಸಾಕಾಗಬಹುದು. ಇಡೀ ಕಾವ್ಯವನ್ನು ಒಂದೇ ಬೈಠಕ್ಕಿನಲ್ಲಿ ಹಾಡಬೇಕೆಂಬ ನಿಯಮವಿಲ್ಲ. ಉತ್ತರ ಕರ್ನಾಟಕದ ಒಕ್ಕಲಿಗನಿಗೂ ಸಾಲು ಎಂಬ ಮಾತು ಪರಿಚಿತವಾದುದೇ. ಮೊದಲ ಸಾಲು ನೆಟ್ಟಗಿದ್ದರೆ ಉಳಿದವು ಅದನ್ನು ಹಿಡಿದು ಹೋಗುತ್ತವೆ. ಸಾಲಿನ ನಡುವೆ ಬಿತ್ತುವುದೇನು ಎಂಬುದು ಆಯಾ ಹಂಗಾಮಿಗೆ ಬಿಟ್ಟದ್ದು. ಕಥನದ ಯೋಜನೆಯನ್ನು ಕುರಿತು ಮಾತನಾಡಲು ಕನ್ನಡಕ್ಕೆ ಎರವಲು ಪರಿಭಾಷೆಗಿಂತ ಈ ಮಾತು ಒಗ್ಗುತ್ತದೆ.

ಅಂತರರಾಷ್ಟ್ರೀಯ ಜಾನಪದ ವಿದ್ವತ್ತು ಈ ವಿಷಯದಲ್ಲಿ ಎರಡು ಹಂತಗಳನ್ನು ದಾಟಿದೆ. ಮಿಲ್ಮನ್ ಪ್ಯಾರಿ ೧೯೩೦ರ ದಶಕದಲ್ಲಿ ಯುಗೋಸ್ಲಾವಿಯದಲ್ಲಿ ನಡೆಸಿದ ಕ್ಷೇತ್ರಕಾರ್ಯವನ್ನು ಆಧರಿಸಿ ಆಲ್ಬರ್ಟ್ ಲಾರ್ಡ್ ೧೯೬೦ರಲ್ಲಿ ಪ್ರಕಟಿಸಿದ ಗ್ರಂಥವು, ಗಾಯಕನು ಸಿದ್ಧ ನುಡಿಗಟ್ಟು ಹಾಗೂ ಸಿದ್ಧ ಪ್ರಸಂಗಗಳ ನೆರವಿನಿಂದ ಹಾಡುವ ಹೊತ್ತಿನಲ್ಲೇ ಕಾವ್ಯವನ್ನು ಕಟ್ಟುತ್ತಾನೆಂದು ತೋರಿಸಿತು. ಫಿನ್ಲೆಂಡಿನ ಲೌರಿ ಹೊಂಕೊ ತುಳುನಾಡಿನ ಗೋಪಾಲ ನಾಯ್ಕರಿಂದ ೧೯೯೦ರಲ್ಲಿ ದಾಖಲಿಸಿಕೊಂಡು, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರ ಸಹಯೋಗದಲ್ಲಿ ೧೯೯೮ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯ ೧೫,೬೮೩ ಸಾಲುಗಳಷ್ಟು ದೀರ್ಘವಾದುದು. ಇಂತಹ ಗಾಯಕನ ಮನಸ್ಸಿನಲ್ಲಿ ಕಥಾಘಟ್ಟಗಳು, ವರ್ಣನೆಯ ಮಾದರಿಗಳು, ಅವುಗಳನ್ನು ಜೋಡಿಸುವ ನಿಯಮಗಳು ಕೂಡಿದ ಒಂದು 'ಮಾನಸಿಕ ಪಠ್ಯ'ವಿರುತ್ತದೆಂದು ಹೊಂಕೊ ವಾದಿಸಿದನು. ಅಂದರೆ ಆಶುರಚನೆಯೆಂದು ತೋರುವಲ್ಲಿಯೂ ವರ್ಷಗಟ್ಟಲೆ ಮಾಗಿದ ಯೋಜನೆಯಿರುತ್ತದೆ. ಮೌಖಿಕ ಗಾಯಕನನ್ನು ಬರಿಯ ಸ್ಫೂರ್ತಿಯ ಮನುಷ್ಯನೆಂದು ಹೊಗಳುವುದು ಆತನ ಈ ದುಡಿಮೆಯನ್ನು ಅಲಕ್ಷಿಸಿದಂತೆಯೇ ಸರಿ.

೩

ಲಿಖಿತ ಪರಂಪರೆಯಲ್ಲಿ ಈ ಎರಡು ಮಾರ್ಗಗಳ ಅತ್ಯಂತ ಸ್ಪಷ್ಟ ನಿದರ್ಶನಗಳು ಕಾದಂಬರಿಗಿಂತ ಶತಮಾನಗಳಷ್ಟು ಹಿಂದಿನವು. ಕುಮಾರವ್ಯಾಸನು ಕರ್ಣಾಟ ಭಾರತ ಕಥಾಮಂಜರಿಯ ಪೀಠಿಕೆಯಲ್ಲಿ ತನ್ನ ರಚನಾಕ್ರಮವನ್ನು ಕುರಿತು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಕರಡು ಬರೆಯುವ ಸಾಮಗ್ರಿಯನ್ನು ಆತ ಮುಟ್ಟುವುದಿಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸುವುದಿಲ್ಲ. ಕನ್ನಡದಲ್ಲಿ 'ಯೋಜನೆಯಿಲ್ಲದ ಬರವಣಿಗೆ'ಯ ಪರವಾದ ಅತ್ಯಂತ ಪ್ರಸಿದ್ಧ ಘೋಷಣೆಯೆಂದು ಇದನ್ನು ಓದಲು ಸಾಧ್ಯವಿದೆ. ಆದರೆ ಆತನ ಕಾವ್ಯ ಹತ್ತು ಪರ್ವಗಳಲ್ಲಿ ನಿಂತಿದೆ. ಆ ಪರ್ವಗಳ ಕ್ರಮ ವ್ಯಾಸಭಾರತದಿಂದ ಬಂದದ್ದು. ಕೇಳುಗನಿಗೂ ಅದು ಗೊತ್ತಿದ್ದದ್ದೇ. ಕವಿ ಅಳಿಸದೆ ಬರೆಯಬಲ್ಲವನಾದದ್ದು ಮುಂದೇನು ಎಂಬ ಚಿಂತೆ ಇಲ್ಲದಿದ್ದುದರಿಂದ. ಆ ಚಿಂತೆಯನ್ನು ಪರಂಪರೆ ಹೊತ್ತಿತ್ತು. ಕವಿಯ ಶಕ್ತಿಯೆಲ್ಲ ಸಂಭಾಷಣೆಗೆ, ರೂಪಕಕ್ಕೆ, ಸಂದರ್ಭದ ಬಿಸಿಗೆ ಒದಗಿತು.

ಮುಧೋಳದ ರನ್ನನದು ಇದಕ್ಕೆ ಎದುರಾದ ಮಾದರಿ. ಸಾಹಸಭೀಮವಿಜಯ ಅಥವಾ ಗದಾಯುದ್ಧದಲ್ಲಿ ಆತ ಇಡೀ ಭಾರತವನ್ನು ಭೀಮ-ದುರ್ಯೋಧನರ ಕೊನೆಯ ಕಾಳಗದ ಒಂದೇ ಬಿಂದುವಿನಿಂದ ಹಿಂದಿರುಗಿ ನೋಡುತ್ತಾನೆ. ಕವಿಯೇ ಸಿಂಹಾವಲೋಕನವೆಂದು ಕರೆದ ಈ ಕ್ರಮ ಮುಂಚಿತವಾದ ಲೆಕ್ಕಾಚಾರವಿಲ್ಲದೆ ಸಾಧ್ಯವಾಗುವಂಥದಲ್ಲ. ಯಾವ ನೆನಪು ಯಾವ ಪಾತ್ರದ ಬಾಯಲ್ಲಿ ಯಾವಾಗ ಬರಬೇಕೆಂಬುದನ್ನು ನಿಶ್ಚಯಿಸದೆ ಈ ಕಟ್ಟಡ ನಿಲ್ಲದು. ಆದರೆ ರನ್ನನ ಯೋಜನೆಯೂ ಪೂರ್ತಿ ಆತನದಲ್ಲ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಬೇಕೆಂಬ ಆಸ್ಥಾನದ ಅಗತ್ಯ ಅದರೊಳಗಿದೆ. ಆ ಅಗತ್ಯದ ಪ್ರಕಾರ ಭೀಮ ನಾಯಕ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಯೋಜನೆ ಒಂದು ಕಡೆಗೆ, ಕಾವ್ಯ ಇನ್ನೊಂದು ಕಡೆಗೆ ವಾಲಿದ ಈ ಸ್ಥಳವೇ ಕೃತಿಯ ಜೀವಾಳವೆಂದು ಕನ್ನಡ ವಿಮರ್ಶೆ ಬಹಳ ಹಿಂದೆಯೇ ಗುರುತಿಸಿದೆ.

ಈ ಎರಡು ನಿದರ್ಶನಗಳಿಂದ ಎರಡು ಸೂತ್ರಗಳು ಲಭಿಸುತ್ತವೆ. ಯೋಜನೆಯಿಲ್ಲವೆಂಬ ಹೇಳಿಕೆಯ ಹಿಂದೆ ಪರಂಪರೆಯ ಯೋಜನೆ ಇರಬಹುದು. ಯೋಜನೆಯಿದೆಯೆಂಬ ಹೇಳಿಕೆಯ ಹಿಂದೆ ಅದನ್ನು ಮೀರಿದ ಬರವಣಿಗೆ ಇರಬಹುದು.

೪

ಆಧುನಿಕ ಕಾದಂಬರಿಗೆ ಬಂದಾಗ ಎಸ್. ಎಲ್. ಭೈರಪ್ಪ (೧೯೩೧-೨೦೨೫) ಪೂರ್ವಸಿದ್ಧತೆಯ ಮಾರ್ಗದ ಪ್ರಮುಖ ಪ್ರತಿನಿಧಿಯಾಗಿ ಕಾಣುತ್ತಾರೆ. 'ಪರ್ವ' (೧೯೭೯) ಕಾದಂಬರಿಗಾಗಿ ಅವರು ಮಾಡಿದ ಅಧ್ಯಯನ, ಹಿಮಾಲಯ ಮತ್ತು ಉತ್ತರ ಭಾರತದ ಸ್ಥಳಗಳ ಸಂಚಾರ ಪ್ರಸಿದ್ಧವಾದುವು. 'ನಾನೇಕೆ ಬರೆಯುತ್ತೇನೆ' (೧೯೮೦) ಕೃತಿಯಲ್ಲಿ ತಮ್ಮ ಬರವಣಿಗೆಯ ಪ್ರಕ್ರಿಯೆಯನ್ನು ಅವರೇ ವಿಶ್ಲೇಷಿಸಿದ್ದಾರೆ. ಯುದ್ಧದ ಹೊಸ್ತಿಲಲ್ಲಿ ನಿಂತ ಪಾತ್ರಗಳ ನೆನಪಿನ ಮೂಲಕ ಹಿಂದಿನದನ್ನು ಬಿಚ್ಚುವ 'ಪರ್ವ'ದ ಕ್ರಮ ರನ್ನನ ಸಿಂಹಾವಲೋಕನದ ದೂರದ ಬಂಧುವೇ ಹೌದು. ಇಲ್ಲಿಯೂ ಮೂಲ ಹಂದರ ಸಮುದಾಯಕ್ಕೆ ಸೇರಿದ್ದು. ಲೇಖಕನ ಯೋಜನೆ ಕೆಲಸ ಮಾಡಿರುವುದು ದೃಷ್ಟಿಕೋನದ ಹಂಚಿಕೆಯಲ್ಲಿ. ಇದೇ ಲೇಖಕರ 'ಆವರಣ' (೨೦೦೭) ಪ್ರಕಟವಾದಾಗ ಎದ್ದ ವಿವಾದದಲ್ಲಿ, ವಾದವು ಮೊದಲೇ ಸಿದ್ಧವಾಗಿದ್ದು ಪಾತ್ರಗಳು ಅದರ ನಿದರ್ಶನಗಳಾಗಿವೆ ಎಂಬ ಆಕ್ಷೇಪ ಕೇಳಿಬಂತು. ಆಕ್ಷೇಪವನ್ನು ಒಪ್ಪಲಿ ಬಿಡಲಿ, ಅದು ಯೋಜನೆಯ ಇರುವಿಕೆಯನ್ನು ಕುರಿತದ್ದಲ್ಲ. ಯೋಜನೆಯಲ್ಲಿ ಮುಕ್ತವಾಗಿ ಉಳಿದ ಜಾಗವೆಷ್ಟು ಎಂಬುದನ್ನು ಕುರಿತದ್ದು.

ಶಿವರಾಮ ಕಾರಂತರನ್ನು (೧೯೦೨-೧೯೯೭) ಸಾಮಾನ್ಯವಾಗಿ ಎದುರು ಬದಿಗೆ ಇರಿಸಲಾಗುತ್ತದೆ. ಅತ್ಯಲ್ಪ ಅವಧಿಯಲ್ಲಿ ಕಾದಂಬರಿ ಮುಗಿಸುತ್ತಿದ್ದುದು, ಮುಂದಿನ ವರ್ಷಗಳಲ್ಲಿ ಹೇಳಿ ಬರೆಯಿಸುತ್ತಿದ್ದುದು ಅವರ ರಚನಾಕ್ರಮದ ಬಗ್ಗೆ ಪ್ರಚಲಿತವಾಗಿರುವ ಸಂಗತಿಗಳು. ಹೇಳಿ ಬರೆಯಿಸುವವನು ಗಾಯಕನಂತೆ ಹಿಂದಿರುಗಿ ತಿದ್ದಲಾರ, ಮುಂದಕ್ಕೆ ಸಾಗಬೇಕು. ಆದರೂ 'ಮರಳಿ ಮಣ್ಣಿಗೆ' ದಿಕ್ಕುತಪ್ಪಿದ ಕೃತಿಯಲ್ಲ. ಮೂರು ತಲೆಮಾರುಗಳ ಅನುಕ್ರಮ, ಕಡಲಂಚಿನ ಬೇಸಾಯದ ಆವರ್ತನ, ಮನೆಯ ಹೆಂಗಸರ ಮುಗಿಯದ ದುಡಿಮೆ ಇವು ಅಲ್ಲಿನ ಸಾಲುಗಳು. ಲೇಖಕನು ನಕ್ಷೆ ಬರೆದಿಟ್ಟುಕೊಂಡಿದ್ದನೋ ಇಲ್ಲವೋ, ಆ ಪರಿಸರವನ್ನು ದಶಕಗಳ ಕಾಲ ನಡೆದು ನೋಡಿದ್ದೇ ಆತನ ಮಾನಸಿಕ ಪಠ್ಯವಾಗಿತ್ತು.

ಯೋಜನೆ ಎಲ್ಲಿಯೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆಯ 'ಖೋ' ಕಾದಂಬರಿಯ ಪ್ರಯೋಗವನ್ನು ನೆನೆಯಬಹುದು. ಖೋ-ಖೋ ಆಟದಂತೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಕಥೆಯನ್ನು ಮುಂದುವರಿಸುವ ಕ್ರಮವದು. ಇಂತಹ ಪ್ರಯೋಗದಲ್ಲಿ ಪ್ರತಿ ಲೇಖಕನೂ ಹಿಂದಿನವನ ಕೇಳುಗನಾಗುತ್ತಾನೆ, ಆದರೆ ಜಾಗರಣೆಯ ಕೇಳುಗನಂತೆ ಅಂತ್ಯ ಬಲ್ಲ ಕೇಳುಗನಲ್ಲ. ಹಾಡುಗಾರರು ಸರದಿಯಂತೆ ಹಾಡಿದರೂ ಕಥೆ ಒಂದಾಗಿರುತ್ತದೆ, ಏಕೆಂದರೆ ಸಾಲು ಎಲ್ಲರದು. ಹಂಚಿಕೊಂಡ ಸಾಲು ಇಲ್ಲದಾಗ ಹಂಚಿಕೊಂಡ ಬರವಣಿಗೆ ಬೌದ್ಧಿಕ ವಿನೋದವಾಗಿ ಆಕರ್ಷಿಸುತ್ತದೆಯೇ ಹೊರತು ಮಾದರಿಯಾಗಿ ಬೆಳೆಯುವುದಿಲ್ಲ.

ಈಗ ಮಂಗಸೂಳಿಯ ಸೀಮೆಗೇ ಮರಳಬಹುದು. ನೆರೆಯ ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಿಕ್ಷಕರಾಗಿದ್ದು ಕಾದಂಬರಿಗಳನ್ನು ಬರೆದವರು. ಅವರ 'ನಿಸರ್ಗ' ಗಡಿನಾಡಿನ ಜೈನ ಒಕ್ಕಲು ಮನೆತನಗಳ ಬದುಕನ್ನು ಆ ಸೀಮೆಯ ಆಡುಮಾತಿನಲ್ಲಿ ಚಿತ್ರಿಸಿದ ಕೃತಿ. ಊರನ್ನೇ ನಾಯಕನನ್ನಾಗಿಸಿದ ರಾವಬಹಾದ್ದೂರರ 'ಗ್ರಾಮಾಯಣ' (೧೯೫೭), ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ 'ಕರಿಮಾಯಿ' (೧೯೭೫) ಇವುಗಳನ್ನೂ ಇದರೊಂದಿಗೆ ಇರಿಸಿ ನೋಡಬೇಕು. ಪ್ರಾದೇಶಿಕ ಕಾದಂಬರಿಗಳೆಂಬ ಗೌರವ ಇಂತಹ ಕೃತಿಗಳಿಗೆ ಸಂದಿದೆ. ಜೊತೆಗೆ ವಿವರಗಳ ದಟ್ಟಣೆಯಲ್ಲಿ ಕಥೆ ಚದುರುತ್ತದೆಂಬ ದೂರೂ ಅಂಟಿಕೊಂಡಿದೆ.

ಈ ದೂರು ಕೃತಿಯೊಳಗಿನ ಸಾಲುಗಳನ್ನು ಗುರುತಿಸದೆ ಮಾಡಿದ್ದು. ಸುಗ್ಗಿ, ಮದುವೆ, ಜಾತ್ರೆ, ಸಾವು, ಹೊಲದ ವ್ಯಾಜ್ಯ ಇವು ಊರ ಕಾದಂಬರಿಯಲ್ಲಿ ಹಿನ್ನೆಲೆಯ ಅಲಂಕಾರಗಳಲ್ಲ. ಮುಂದಿನ ಘಟನೆಯನ್ನು ಓದುಗನು ನಿರೀಕ್ಷಿಸುವಂತೆ ಮಾಡುವ ಹಂದರವೇ ಅವು. ನಗರದ ಓದುಗನಿಗೆ ವಿಷಯಾಂತರವಾಗಿ ಕಾಣುವ ಜಾತ್ರೆಯ ಅಧ್ಯಾಯ, ಆ ಸೀಮೆಯ ಓದುಗನಿಗೆ ಬಂದೇ ಬರಬೇಕಾದ ಘಟ್ಟ. 'ಕರಿಮಾಯಿ'ಯಲ್ಲಿ ಶಿವಾಪುರದ ಕಥೆ ದೇವತೆಯ ಸುತ್ತ ಸುತ್ತುತ್ತದೆ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧಿಸಿದ ಲೇಖಕನಿಗೆ ಆ ಸುತ್ತುಕ್ರಮ ಆಕಸ್ಮಿಕವಾಗಿ ಒದಗಿದ್ದಲ್ಲ. ಇದೇ ಸೀಮೆಯ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹಾಡುಗಳು ಗೊತ್ತಾದವು, ನಡುವಿನ ಮಾತು ಮುಕ್ತ. ಭಾಗವತ ಹಾಗೂ ಗೊಲ್ಲತಿಯ ಸಂವಾದವನ್ನು ಯಾರೂ ವಿಷಯಾಂತರವೆಂದು ದೂರುವುದಿಲ್ಲ.

ಹಾಗೆಂದು ಪ್ರಾದೇಶಿಕ ಕಾದಂಬರಿಯ ಸಡಿಲತೆಯೆಲ್ಲ ಗುಣವೆಂದು ಸಮರ್ಥಿಸುವುದು ಇನ್ನೊಂದು ಅತಿರೇಕವಾದೀತು. ಪರಂಪರೆಯ ಸಾಲು ಪರಂಪರೆ ಕಂಡ ಬದುಕಿಗೆ ಮಾತ್ರ ದಾರಿ ತೋರಬಲ್ಲದು. 'ಕರಿಮಾಯಿ'ಯಲ್ಲಿ ಹೊರಗೆ ಕಲಿತು ಊರಿಗೆ ಮರಳಿದ ಗುಡಸೀಕರನೊಂದಿಗೆ ಪ್ರವೇಶಿಸುವ ಹೊಸ ಅಧಿಕಾರದ ಆಸೆಗೆ ಜಾಗರಣೆಯಲ್ಲಾಗಲಿ ಬಯಲಾಟದಲ್ಲಾಗಲಿ ಸಿದ್ಧ ಘಟ್ಟವಿಲ್ಲ. ಅಂತಹ ಸ್ಥಳದಲ್ಲಿ ಕಾದಂಬರಿಕಾರನು ತನ್ನದೇ ಸಾಲು ಹೊಡೆಯಬೇಕು. ಊರ ಕಾದಂಬರಿಗಳ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಸಮುದಾಯದ ನೆನಪು ಮುಗಿದು ಹೊಸ ಅನುಭವ ತೊಡಗುವಲ್ಲಿ ಲೇಖಕನು ಏನನ್ನು ಯೋಜಿಸಿದ ಎಂಬುದನ್ನು ಕೇಳಬೇಕು. ಅಲ್ಲಿಯೂ ಯೋಜನೆಯಿಲ್ಲದೆ ಸಾಗಿದವನು ಸ್ವತಂತ್ರನಾಗುವುದಿಲ್ಲ. ಆ ಹೊತ್ತಿಗೆ ಸುಲಭವಾಗಿ ಸಿಗುವ ಬೇರೊಂದು ಯೋಜನೆಗೆ, ಬಹುಮಟ್ಟಿಗೆ ಸಿನಿಮಾದ ಅಥವಾ ಧಾರಾವಾಹಿಯ ಯೋಜನೆಗೆ, ತನಗೆ ಅರಿವಿಲ್ಲದೆ ಒಳಗಾಗುತ್ತಾನೆ.

೫

ಈ ವಿವೇಚನೆ ಜಾನಪದ ಅಧ್ಯಯನದ ಮೇಲೂ ಹೊಣೆ ಹೊರಿಸುತ್ತದೆ. ಮೌಖಿಕ ಕಾವ್ಯಗಳನ್ನು ಮುದ್ರಿಸುವಾಗ ಬೇರೆ ಬೇರೆ ರಾತ್ರಿಗಳ, ಕೆಲವೊಮ್ಮೆ ಬೇರೆ ಬೇರೆ ಗಾಯಕರ ಸಾಲುಗಳನ್ನು ಒಂದುಗೂಡಿಸಿ, ಅಧ್ಯಾಯ ಶೀರ್ಷಿಕೆಗಳನ್ನು ಸೇರಿಸಿ, ಪುನರುಕ್ತಿಗಳನ್ನು ತೆಗೆದು ಅಖಂಡ ಕೃತಿಯಾಗಿಸುವ ರೂಢಿ ಬೆಳೆದಿತ್ತು. ಓದುಗನಿಗೆ ಅನುಕೂಲವಾಯಿತು, ನಿಜ. ಆದರೆ ಗಾಯಕನು ಎಲ್ಲಿ ದಾರಿ ಬದಲಿಸಿದ, ಯಾರ ಮಾತಿಗೆ ನಿಂತ, ಯಾವುದನ್ನು ಬಿಟ್ಟ ಎಂಬ ಸುಳಿವು ಅಳಿಸಿಹೋಯಿತು. ಸಂಪಾದಕನ ಯೋಜನೆಯನ್ನೇ ಗಾಯಕನ ಬಂಧವೆಂದು ತಿಳಿದು ಮೆಚ್ಚುವ, ಇಲ್ಲವೇ ಅದರಲ್ಲಿ ದೋಷ ಹುಡುಕುವ ವಿಮರ್ಶೆ ಇದರ ಫಲ. ಒಂದೇ ಗಾಯಕನ ಎರಡು ರಾತ್ರಿಗಳ ದಾಖಲೆಗಳನ್ನು ಕಡಿತವಿಲ್ಲದೆ ಪಕ್ಕಪಕ್ಕದಲ್ಲಿ ಇರಿಸಿದರೆ, ಸ್ಥಿರವಾದುದೇನು ಮುಕ್ತವಾದುದೇನು ಎಂಬುದು ಹತ್ತು ಸಿದ್ಧಾಂತ ಗ್ರಂಥಗಳಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಕಾದಂಬರಿಯ ಕಡೆ ಕೊರತೆ ಬೇರೆ ಬಗೆಯದು. ಲೇಖಕನು ತನ್ನ ರಚನಾಕ್ರಮದ ಬಗ್ಗೆ ಹೇಳುವ ಮಾತು ಸಾಕ್ಷ್ಯವಾಗುವಷ್ಟೇ ಸಂಪ್ರದಾಯವೂ ಆಗಿರುತ್ತದೆ. ಅಳಿಸದೆ ಬರೆದೆನೆಂಬ ಮಾತು ಕುಮಾರವ್ಯಾಸನ ಕಾಲಕ್ಕೇ ಹೆಮ್ಮೆಯ ನುಡಿಯಾಗಿತ್ತು. ವರ್ಷಗಟ್ಟಲೆ ಸಿದ್ಧತೆ ನಡೆಸಿದೆನೆಂಬುದು ಇಂದಿನ ಹೆಮ್ಮೆಯ ನುಡಿ. ಇವನ್ನು ಪರೀಕ್ಷಿಸಲು ಕರಡುಗಳು, ಟಿಪ್ಪಣಿ ಪುಸ್ತಕಗಳು, ಹೇಳಿ ಬರೆಯಿಸಿದ ಪ್ರತಿಗಳು, ಪ್ರಕಾಶಕರೊಂದಿಗಿನ ಪತ್ರಗಳು ಬೇಕು. ಮುದ್ರಣವಾದೊಡನೆ ಕರಡನ್ನು ರದ್ದಿಗೆ ಹಾಕುವ ಅಭ್ಯಾಸದಿಂದ ಇಂತಹ ಸಾಮಗ್ರಿ ನಷ್ಟವಾಗುತ್ತ ಬಂದಿದೆ. ಗಣಕಯಂತ್ರದಲ್ಲಿ ಬರೆಯುವವರ ವಿಷಯದಲ್ಲಿ ಹಿಂದಿನ ರೂಪ ಅಳಿದದ್ದೂ ತಿಳಿಯುವುದಿಲ್ಲ. ಮಿರ್ಜಿ ಅಣ್ಣಾರಾಯರಂತಹ ಗಡಿನಾಡಿನ ಲೇಖಕರ ಹಸ್ತಪ್ರತಿಗಳನ್ನು ಆಯಾ ಸೀಮೆಯ ಕಾಲೇಜು ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳೂ ಹುಡುಕಿ ಕಾಪಾಡುವುದು ತಾಳೆಗರಿಗಳ ಸಂರಕ್ಷಣೆಯಷ್ಟೇ ಅಗತ್ಯದ ಕೆಲಸ.

ಒಟ್ಟಿನಲ್ಲಿ, ಯೋಜಿತ-ಅಯೋಜಿತ ಎಂಬ ವಿಂಗಡಣೆ ಕೃತಿಯ ಮೌಲ್ಯವನ್ನು ತಿಳಿಸುವುದಿಲ್ಲ. ಮಂಗಸೂಳಿಯ ಸೀಮೆಯ ಜಾಗರಣೆಯಲ್ಲಿ ಆರತಿಯ ಹೊತ್ತು ಗೊತ್ತಿರುವುದರಿಂದಲೇ ಹಾಡುಗಾರನು ಬಾಣಾಯಿಯ ಕುರಿದೊಡ್ಡಿಯಲ್ಲಿ ಬೇಕಾದಷ್ಟು ಹೊತ್ತು ನಿಲ್ಲಬಲ್ಲ. ಕಾದಂಬರಿಕಾರನಿಗೆ ಅಂತಹ ಆರತಿಯನ್ನು ಸಮುದಾಯ ಒದಗಿಸಿದೆಯೇ, ಒದಗಿಸದಿದ್ದಲ್ಲಿ ಆತನೇ ಅದನ್ನು ಗೊತ್ತುಪಡಿಸಿಕೊಂಡನೇ, ಗೊತ್ತುಪಡಿಸಿಕೊಂಡ ಮೇಲೂ ದಾರಿಯಲ್ಲಿ ನಿಲ್ಲುವ ಸ್ವಾತಂತ್ರ್ಯವನ್ನು ಉಳಿಸಿಕೊಂಡನೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಬಳಿಕವೇ ಬಂಧದ ಬಿಗಿ-ಸಡಿಲುಗಳನ್ನು ಕುರಿತು ತೀರ್ಪು ನೀಡುವುದು ಉಚಿತ.